ಪದಚರ್ಚೆ: ಜಾಲನಕ್ಷೆಯ ಗೆರೆಗೆ ‘ಗಡಿ’ಯೋ, ‘ಎಲ್ಲೆ’ಯೋ, ‘ಹದ್ದೋ’?

ಪ್ರಶ್ನೆ – ಸೊರಬದಿಂದ

ನಮಸ್ಕಾರ. ಸೊರಬ ತಾಲ್ಲೂಕಿನ ಕೆಲವು ಊರುಗಳ ಕಾನು (ಊರ ಬಳಕೆಯ ದಟ್ಟ ಕಾಡು), ಸೊಪ್ಪಿನಬೆಟ್ಟ (ಸೊಪ್ಪು ತರುವ ಗುಡ್ಡ), ಗೋಮಾಳ, ಕೆರೆಗಳನ್ನು ತೋರಿಸುವ ನಕ್ಷೆಯೊಂದು ಅಂತರಜಾಲದಲ್ಲಿ ಸಿದ್ಧವಾಗುತ್ತಿದೆ. ಗ್ರಾಮಸಭೆಯ ಠರಾವಿನ ಜೊತೆಗಿಟ್ಟು ತಾಲ್ಲೂಕು ಕಚೇರಿಗೂ ಅರಣ್ಯ ಇಲಾಖೆಗೂ ಕೊಡುವುದಿದೆ. ಫೋನಿನಲ್ಲಿ ತೆರೆದು ಬೆರಳಿಟ್ಟರೆ ಆ ಜಾಗದ ಸರ್ವೆ ನಂಬರ್, ವಿಸ್ತೀರ್ಣ, ಫೋಟೊ ಕಾಣುತ್ತದೆ. ಒಳಗಿನ ಬರಹವೆಲ್ಲ ಕನ್ನಡದಲ್ಲೇ ಇರಬೇಕು. ಮೂರು ಕಡೆ ಸಿಕ್ಕಿಕೊಂಡಿದೆ.

ಒಂದು, ‘ಇಂಟರಾಕ್ಟಿವ್ ಮ್ಯಾಪ್’. ‘ಸಂವಾದಾತ್ಮಕ ನಕ್ಷೆ’, ‘ಪರಸ್ಪರ ಕ್ರಿಯಾಶೀಲ ಭೂಪಟ’ ಎಂದೆಲ್ಲ ಸಿಗುತ್ತದೆ. ಗ್ರಾಮಸಭೆಯಲ್ಲಿ ಓದಿದರೆ ಯಾರ ತಲೆಗೂ ಹೋಗಲಿಕ್ಕಿಲ್ಲ.

ಎರಡು, ‘ಅಡ್ವೊಕಸಿ’, ಎಂದರೆ ಒಂದು ಬೇಡಿಕೆಯ ಪರವಾಗಿ ವಾದಿಸುವುದು. ನಕ್ಷೆ ಇರುವುದೇ ಅದಕ್ಕೆ, ಆದರೆ ತಲೆಬರಹದಲ್ಲಿ ಏನೆಂದು ಬರೆಯುವುದು?

ಮೂರು, ‘ಬೌಂಡರಿ’. ನಕ್ಷೆಯ ಎಲ್ಲ ಪದರಗಳಲ್ಲೂ ಈ ಒಂದೇ ಮಾತಿದೆ. ಕನ್ನಡದಲ್ಲಿ ಗಡಿ, ಎಲ್ಲೆ, ಹದ್ದು, ಮೇರೆ. ಯಾವುದನ್ನು ಹಾಕಿದರೂ ನಡೆಯುತ್ತದೆಯೋ, ಅರ್ಥದಲ್ಲಿ ವ್ಯತ್ಯಾಸ ಉಂಟೋ? ತಿಳಿದವರು ಬರೆಯಬೇಕು.

ಉತ್ತರ – ಸಾಗರದಿಂದ

ಮೂರನೆಯದರಿಂದಲೇ ಹಿಡಿಯೋಣ. ಮೊದಲೆರಡರಲ್ಲಿ ಎಡವಿದರೆ ಯಾರೋ ನಕ್ಕಾರು ಅಷ್ಟೆ. ಇದರಲ್ಲಿ ಎಡವಿದರೆ ಅರ್ಜಿಯೇ ಬಿದ್ದುಹೋಗುತ್ತದೆ.

‘ಹದ್ದು’ ಕಂದಾಯದವರ ಮಾತು, ಅರಬ್ಬಿ ಮೂಲದ್ದು (ಹಾರುವ ಹದ್ದಿಗೂ ಇದಕ್ಕೂ ನಂಟಿಲ್ಲ). ಹದ್ದುಬಸ್ತು ಎಂದರೆ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಟಿಪ್ಪಣಿ (ಹಳೆಯ ಅಳತೆಯ ದಾಖಲೆ) ಇಟ್ಟುಕೊಂಡು ಅಳೆದು, ಗುರುತು ಮಾಡಿಕೊಟ್ಟದ್ದು. ಅದು ಆಗದ ಗೆರೆಯ ಮೇಲೆ ‘ಹದ್ದು’ ಎಂದು ಬರೆದರೆ ನಡೆಯದ ಅಳತೆಯನ್ನು ನಡೆದಿದೆ ಎಂದ ಹಾಗಾಯಿತು. ಎದುರು ಪಕ್ಷದವರು ಮೊದಲು ಹಿಡಿಯುವುದೇ ಇದನ್ನು.

‘ಗಡಿ’ ಆಡಳಿತದ ಗೆರೆ: ಗ್ರಾಮದ್ದು, ತಾಲ್ಲೂಕಿನದು, ಮೀಸಲು ಅರಣ್ಯದ್ದು. ಅದರ ಹಿಂದೆ ಒಂದು ಗ್ರಾಮ ನಕ್ಷೆಯೋ ಅಧಿಸೂಚನೆಯೋ ಇರುತ್ತದೆ. ‘ಎಲ್ಲೆ’ ಬಳಕೆಯದು: ಈ ಹಳ್ಳದಿಂದ ಆ ಬಂಡೆಯ ತನಕ ನಮ್ಮ ಕಾನು ಎಂದು ಊರವರೂ ನೆರೆಯೂರವರೂ ನಡೆದುಕೊಂಡು ಬಂದದ್ದು. ಅದಕ್ಕೆ ಕಾಗದ ಇರಲೇಬೇಕೆಂದಿಲ್ಲ. ಮೇರೆಯನ್ನು ಕಾವ್ಯಕ್ಕೆ ಬಿಟ್ಟುಬಿಡಿ.

ಪದ ಮೂರಾದಂತೆ ಗೆರೆಯೂ ಮೂರಾಗಲಿ. ಹದ್ದಿಗೆ ದಪ್ಪ ಗೆರೆ, ಗಡಿಗೆ ತೆಳು ಗೆರೆ, ಎಲ್ಲೆಗೆ ತುಂಡು ತುಂಡು ಗೆರೆ. ಬೆರಳಿಟ್ಟಾಗ ತೆರೆಯುವ ಚೌಕದಲ್ಲಿ ಹದ್ದಿಗೆ ಅಳತೆಯ ದಿನಾಂಕ, ಗಡಿಗೆ ಮೂಲ ದಾಖಲೆಯ ಹೆಸರು, ಎಲ್ಲೆಗೆ ನಡೆದು ಗುರುತಿಸಿದ ದಿನ ಮತ್ತು ಯಾವ ಉಪಕರಣದಲ್ಲಿ ಎಂಬುದು. ತೋರಿಸಿದವರ ಹೆಸರು ಅಲ್ಲಿ ಬೇಡ, ಅದು ಮಹಜರಿನಲ್ಲಿದ್ದರೆ ಸಾಕು.

ಇಷ್ಟು ಬಿಗಿ ಯಾಕೆಂದರೆ, ಗ್ರಾಮ ನಕ್ಷೆಗಳ ಸಾಮಾನ್ಯ ಪ್ರಮಾಣ 1:7920, ಅಂದರೆ ಒಂದು ಇಂಚಿಗೆ 660 ಅಡಿ. ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ಸುಮಾರು 4 ಮೀಟರ್, 13 ಅಡಿ. ಅದನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಇನ್ನಷ್ಟು ಸರಿಯುತ್ತದೆ. ಕೂರಿಸಲು ನಾಲ್ಕು ಗುರುತು ಸಾಕೆಂದು ತಂತ್ರಾಂಶ ಹೇಳಬಹುದು. ಮೂರು ಊರಿನ ಗಡಿ ಕೂಡುವ ಬಾಂದುಕಲ್ಲು, ಕೆರೆ ಏರಿಯ ಮೂಲೆ, ಹಳೆಯ ರಸ್ತೆ ಕೂಡುವಲ್ಲಿ ಎಂದು ನಕ್ಷೆಯ ನಾಲ್ಕೂ ಅಂಚಿಗೆ ಹರಡಿದ ಆರೆಂಟು ಗುರುತು ಇಟ್ಟುಕೊಳ್ಳಿ. ಎಲ್ಲ ಗುರುತೂ ರಸ್ತೆ ಬದಿಯಲ್ಲೇ ಇದ್ದರೆ ಬೆಟ್ಟದ ಕಡೆಯ ಗೆರೆ ಜಾರಿಹೋಗುತ್ತದೆ. ಇನ್ನು ಫೋನಿನ ಜಿಪಿಎಸ್ ಬಯಲಲ್ಲಿ 5 ಮೀಟರಿನ ಆಸುಪಾಸು ತೋರಿಸಿದರೂ ದಟ್ಟ ಕಾನಿನೊಳಗೆ ಅದರ ಎರಡು ಮೂರು ಪಟ್ಟು ಅಲೆಯುತ್ತದೆ. ಇಂಥ ಗೆರೆ ‘ಎಲ್ಲೆ’ ಆಗಬಹುದು, ‘ಹದ್ದು’ ಆಗಲಾರದು. ಅರಣ್ಯ ಹಕ್ಕು ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯೂ ಇದನ್ನೇ ಹೇಳುತ್ತದೆ: ಉಪಗ್ರಹ ಚಿತ್ರ ಮುಂತಾದ ತಂತ್ರಜ್ಞಾನ ಬೇರೆ ಸಾಕ್ಷ್ಯಕ್ಕೆ ಪೂರಕವೇ ಹೊರತು ಅದರ ಬದಲಿಗಲ್ಲ. ಇದು ಎರಡೂ ಕಡೆಗೆ ಅನ್ವಯ. ಚಿತ್ರದಲ್ಲಿ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ. ನಕ್ಷೆಯೊಂದನ್ನೇ ಹಿಡಿದು ಹಕ್ಕು ಸಾಬೀತಾಯಿತು ಎನ್ನುವಂತೆಯೂ ಇಲ್ಲ.

ಕೇಳದೇ ಇದ್ದ ಇನ್ನೊಂದು ಪದದ ಬಗ್ಗೆಯೂ ಹೇಳಬೇಕು. ಪದರದ ಹೆಸರಿನಲ್ಲಿ ಕಾನನ್ನು ‘ಅರಣ್ಯ’ ಎಂದು ತಿದ್ದಬೇಡಿ. ಸೊರಬದ ಕಾನುಗಳ ಬಗ್ಗೆ ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಕೊಟ್ಟ ವರದಿಯಲ್ಲೇ ಅವನ್ನು ‘ಕಾನು’ ಎಂದೇ ಕರೆದಿದ್ದಾರೆ. ಇಂಗ್ಲಿಷಿನವರಿಗೂ ಬೇರೆ ಪದ ಸಾಲಲಿಲ್ಲ. ‘ಅರಣ್ಯ’ಕ್ಕಾದರೋ ಕಾನೂನಿನ ಭಾರ ಇದೆ. ಕಾಡಿನ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಆ ಪದವನ್ನು ನಿಘಂಟಿನ ಅರ್ಥದಲ್ಲೇ ತೆಗೆದುಕೊಳ್ಳಬೇಕು ಎಂದಿತು. ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ) ಪಟ್ಟಿಗಳೆಲ್ಲ ಹುಟ್ಟಿದ್ದು ಅಲ್ಲಿಂದ. ಪದಚರ್ಚೆಗೆ ಇದಕ್ಕಿಂತ ದುಬಾರಿ ಉದಾಹರಣೆ ಸಿಗಲಾರದು. ಬೇಣ, ಹಕ್ಕಲು, ಹಾಡಿ, ಸೊಪ್ಪಿನಬೆಟ್ಟ – ಊರಲ್ಲಿ ಏನನ್ನುತ್ತಾರೋ ಅದೇ ಬರಲಿ, ಪಹಣಿಯಲ್ಲಿ ಏನಿದೆಯೋ ಅದು ಕೆಳಗೆ ಇನ್ನೊಂದು ಸಾಲಿನಲ್ಲಿ ಬರಲಿ. ಎರಡೂ ಹೊಂದದಿದ್ದರೆ ಹೊಂದುವುದಿಲ್ಲ ಎಂಬುದೇ ನೀವು ತೋರಿಸಬೇಕಾದ ವಿಷಯ.

ಪಶ್ಚಿಮಘಟ್ಟದ ‘ಪರಿಸರ ಸೂಕ್ಷ್ಮ ಪ್ರದೇಶ’ದ ಪದರ ಹಾಕುವುದಿದ್ದರೆ ಅಲ್ಲೂ ಇಂಥದೇ ಗುಂಡಿ ಇದೆ. ಪಶ್ಚಿಮಘಟ್ಟದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿ 24 ಮೀಟರ್ ಸ್ಪಷ್ಟತೆಯ ಉಪಗ್ರಹ ಚಿತ್ರ ಬಳಸಿ, ಗ್ರಾಮವನ್ನು ಘಟಕವಾಗಿ ಹಿಡಿದು, ಶೇ 20 ಅಥವಾ ಹೆಚ್ಚು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸಿತು. ಚಿತ್ರದ ಒಂದು ಚುಕ್ಕಿ ಎಂದರೆ ನೆಲದಲ್ಲಿ ಐದೂಮುಕ್ಕಾಲು ಗುಂಟೆಯಷ್ಟು. 1000 ಎಕರೆಯ ಊರಲ್ಲಿ 200 ಎಕರೆ ಕಾಡಿದ್ದರೂ ನಕ್ಷೆಯಲ್ಲಿ 1000 ಎಕರೆಗೂ ಬಣ್ಣ ಬೀಳುತ್ತದೆ. ಆ ಪದರಕ್ಕೆ ‘ಸೂಕ್ಷ್ಮ ಪ್ರದೇಶ’ ಎಂದು ಹೆಸರಿಟ್ಟರೆ ಪರ ಇರುವವರಿಗೂ ವಿರೋಧ ಇರುವವರಿಗೂ ತಪ್ಪು ಚಿತ್ರ ಸಿಗುತ್ತದೆ. ‘ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿರುವ ಗ್ರಾಮ’ ಎನ್ನಿ. ಉದ್ದವಾಯಿತು ನಿಜ, ಸುಳ್ಳಾಗಲಿಲ್ಲ.

ಅಡ್ವೊಕಸಿಗೆ ಒಂದೇ ಪದ ಹುಡುಕುವುದು ವ್ಯರ್ಥ. ‘ವಕಾಲತ್ತು’ ಎಂದರೆ ವಕೀಲರಿಗೆ ಸಹಿ ಹಾಕಿಕೊಡುವ ಕಾಗದವೇ ಕಣ್ಣಿಗೆ ಬರುತ್ತದೆ, ‘ಪ್ರತಿಪಾದನೆ’ ಭಾಷಣದ ಮಾತು. ‘ಹಕ್ಕೊತ್ತಾಯ’ ಚಳವಳಿಯಲ್ಲಿ ಪಳಗಿದ ಒಳ್ಳೆಯ ಪದ, ಆದರೆ ಕೊಡುವ ಕಾಗದವೆಲ್ಲ ಹಕ್ಕೊತ್ತಾಯವಲ್ಲ. ಕರಡು ಅಧಿಸೂಚನೆಗೆ 60 ದಿನದೊಳಗೆ ಬರೆಯುವುದು ‘ಆಕ್ಷೇಪಣೆ’. ಅರಣ್ಯ ಹಕ್ಕು ಸಮಿತಿಗೆ ಕೊಡುವುದು ‘ಹಕ್ಕಿನ ಅರ್ಜಿ’. ಕೆರೆ ಒತ್ತುವರಿಯ ಬಗ್ಗೆ ತಹಶೀಲ್ದಾರರಿಗೆ ‘ದೂರು’. ನಕ್ಷೆಯ ತಲೆಬರಹದಲ್ಲಿ ಆಯಾ ಕಾಗದದ ಹೆಸರೇ ಇರಲಿ: ‘ಇಂಥ ಆಕ್ಷೇಪಣೆಗೆ ಅನುಬಂಧ’. ಟಪಾಲು ನೋಡುವವರಿಗೆ ಯಾವ ಕಡತಕ್ಕೆ ಸೇರಿಸಬೇಕೆಂದು ಗೊತ್ತಾಗುವುದು ಅದರಿಂದಲೇ.

ಮೊದಲನೆಯದು ಸುಲಭ. ಸಂವಾದ ಎಂದರೆ ಮಾತುಕತೆ. ನಕ್ಷೆ ಯಾರ ಜೊತೆಗೂ ಮಾತಾಡುವುದಿಲ್ಲ. ‘ಜಾಲನಕ್ಷೆ’ ಎಂದು ಕರೆದು, ಕೆಳಗೆ ‘ಜಾಗದ ಮೇಲೆ ಬೆರಳಿಟ್ಟರೆ ವಿವರ ತೆರೆಯುತ್ತದೆ’ ಎಂದು ಬರೆದರೆ ವಿಶೇಷಣದ ಹಂಗೇ ಇಲ್ಲ.

ಉತ್ತರ – ತೀರ್ಥಹಳ್ಳಿಯಿಂದ

ಸಾಗರದವರು ಬರೆದದ್ದರಲ್ಲಿ ಒಂದಕ್ಕೆ ತಕರಾರು, ಜೊತೆಗೆ ಒಂದು ಸೇರ್ಪಡೆ.

ತಕರಾರು ‘ನಕ್ಷೆ’ಯದ್ದೇ. ಕಂದಾಯ ಕಚೇರಿಯಲ್ಲಿ ನಕ್ಷೆ ಎಂದರೆ ಜಮೀನು ಮಾರುವಾಗ, ಭಾಗ ಮಾಡುವಾಗ ಬೇಕಾಗುವ 11ಇ ನಕ್ಷೆ, ಪೋಡಿ ನಕ್ಷೆ. ಅಳೆದವರ ಸಹಿ ಇರುವಂಥದ್ದು. ‘ಜಾಲನಕ್ಷೆ’ ಎಂದು ಶಿರೋನಾಮೆ ಕೊಟ್ಟರೆ ಸಹಿ ಎಲ್ಲಿ ಎಂದು ಕೇಳುವವರೇ ಹೆಚ್ಚು. ‘ಭೂಪಟ’ಕ್ಕೆ ಆ ತೊಂದರೆ ಇಲ್ಲ, ಆದರೆ ಅದು ಶಾಲೆಯ ಗೋಡೆಯಿಂದ ಕೆಳಗಿಳಿದೇ ಇಲ್ಲ ಎಂಬುದೂ ನಿಜ. ‘ಜಾಲನಕ್ಷೆ’ಯನ್ನೇ ಇಟ್ಟುಕೊಳ್ಳುವುದಾದರೆ ‘ಇದು ಅಳತೆ ನಕ್ಷೆಯಲ್ಲ’ ಎಂಬ ಸಾಲು ಮೇಲ್ಗಡೆಯೇ ಇರಲಿ, ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬೇಡ.

ಸೇರ್ಪಡೆ ‘ಸುತ್ತಳತೆ’ಯ ಬಗ್ಗೆ. ಮಂಗನ ಕಾಯಿಲೆಯ ಉದಾಹರಣೆ ತೆಗೆದುಕೊಳ್ಳಿ. 1957ರಲ್ಲಿ ಅದು ಪತ್ತೆಯಾದದ್ದು ನಿಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ. ಮಂಗ ಸತ್ತ ಜಾಗದಿಂದ ಎಲ್ಲ ದಿಕ್ಕಿಗೂ 50 ಮೀಟರ್ ವರೆಗೆ ಉಣ್ಣೆಗೆ (ರೋಗ ಹರಡುವ, ರಕ್ತ ಹೀರುವ ಹುಳಕ್ಕೆ) ಔಷಧಿ ಹಾಕಬೇಕೆಂಬುದನ್ನು ‘50 ಮೀಟರ್ ಸುತ್ತಳತೆಯಲ್ಲಿ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಸುತ್ತಳತೆ ಎಂದರೆ ವೃತ್ತದ ಸುತ್ತಿನ ಉದ್ದ. 50 ಮೀಟರ್ ತ್ರಿಜ್ಯದ ವೃತ್ತ ಎರಡು ಎಕರೆಗೆ ಸ್ವಲ್ಪ ಕಡಿಮೆ. 50 ಮೀಟರ್ ಸುತ್ತಳತೆಯ ವೃತ್ತ ಎರಡು ಗುಂಟೆಗೆ ಸ್ವಲ್ಪ ಕಡಿಮೆ. ಒಂದು ಪದದಲ್ಲಿ ನಲವತ್ತು ಪಟ್ಟು! ‘ಸುತ್ತ 50 ಮೀಟರ್ ದೂರದವರೆಗೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅಂದಹಾಗೆ ಇಂಥ ನಕ್ಷೆಯಲ್ಲಿ ಮಂಗ ಸತ್ತ ಜಾಗಕ್ಕೆ ಚುಕ್ಕಿ ಇಡಬಹುದು, ರೋಗಿಯ ಮನೆಗೆ ಇಡಬಾರದು. ಜನರ ಲೆಕ್ಕ ಗ್ರಾಮವಾರು ಮಾತ್ರ.

ವೃತ್ತ ಬರೆಯುವಾಗಲೂ ಎಚ್ಚರ. ಕಡತ ಅಕ್ಷಾಂಶ-ರೇಖಾಂಶದಲ್ಲಿದ್ದರೆ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ನಿಮ್ಮ 50ನ್ನು ಮೀಟರ್ ಎನ್ನದೆ ಡಿಗ್ರಿ ಎಂದು ತಿಳಿಯುತ್ತದೆ. ಮೊದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳಿ, ಶಿವಮೊಗ್ಗ ಜಿಲ್ಲೆ ಅದರೊಳಗೇ ಬರುತ್ತದೆ. ವಿಸ್ತೀರ್ಣದ ಲೆಕ್ಕವೂ ಅದರಲ್ಲೇ ಆಗಲಿ. ಜಾಲತಾಣದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಅಳತೆಯಲ್ಲೇ ಲೆಕ್ಕ ಹಾಕಿದರೆ ನಮ್ಮ ಅಕ್ಷಾಂಶದಲ್ಲಿ ಶೇ 6ರಷ್ಟು ಹೆಚ್ಚು ಬರುತ್ತದೆ: 10 ಎಕರೆ ಕಾನು 10 ಎಕರೆ 24 ಗುಂಟೆ ಆಗುತ್ತದೆ. ಆಕಾರ್‌ಬಂದಿನ (ಸರ್ವೆ ನಂಬರುಗಳ ವಿಸ್ತೀರ್ಣ ಬರೆದ ಕಂದಾಯ ದಾಖಲೆ) ಜೊತೆ ಹೋಲಿಸುವವರು ಅಷ್ಟಕ್ಕೇ ಇಡೀ ಅರ್ಜಿಯನ್ನು ಅನುಮಾನಿಸುತ್ತಾರೆ.

ಜಾಲನಕ್ಷೆಯ ಮಾಹಿತಿ ಇಡುವ ಜಿಯೊಜೇಸನ್ ಕಡತದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲಾದರೆ ಶಿವಮೊಗ್ಗ ನಾರ್ವೆಯ ಉತ್ತರಕ್ಕೆ, ಸಮುದ್ರದ ಮಧ್ಯೆ ಹೋಗಿ ಕೂರುತ್ತದೆ. ಊರಿನ ಹೆಸರುಗಳನ್ನು ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿದ್ದರೆ ಯುನಿಕೋಡಿಗೆ ಬದಲಿಸಿಯೇ ಹಾಕಿ, ಇಲ್ಲದಿದ್ದರೆ ಕಾಗೆಗುಬ್ಬಚ್ಚಿ ಕಾಣುತ್ತದೆ. ಪಟ್ಟಿಗಳನ್ನು ಜೋಡಿಸುವಾಗ ಹೆಸರನ್ನು ನಂಬದೆ ಜನಗಣತಿಯ ಗ್ರಾಮ ಸಂಕೇತ ಬಳಸಿ, ಹೊಸಳ್ಳಿಗಳು ಎಷ್ಟಿಲ್ಲ!

ಪ್ರಶ್ನೆ ಕೇಳಿದವರಿಂದ – ಸೊರಬ

ಇಬ್ಬರಿಗೂ ವಂದನೆ. ‘ಜಾಲನಕ್ಷೆ’ಯೇ ಇರಲಿ ಎಂದು ತೀರ್ಮಾನವಾಯಿತು. ತಲೆಯಲ್ಲಿ ಹೀಗೆ ಬರುತ್ತದೆ: ‘ಗ್ರಾಮಸಭೆ ಠರಾವಿಗೆ ಅನುಬಂಧ. ಇದು ಅಳತೆ ನಕ್ಷೆಯಲ್ಲ. ತುಂಡು ಗೆರೆ ಊರವರು ನಡೆದು ತೋರಿಸಿದ ಎಲ್ಲೆ, ಹದ್ದುಬಸ್ತು ಆಗಿಲ್ಲ.’ ನೆಟ್‌ವರ್ಕ್ ಸಿಗದ ಕಡೆಗಾಗಿ ಮತ್ತು ಸ್ವೀಕೃತಿ ಪಡೆಯಲು ಎ3 ಹಾಳೆಯ ಮುದ್ರಿತ ಪ್ರತಿಯೂ ಇರುತ್ತದೆ. ಜಾಲದಲ್ಲಿರುವುದು ನಾಳೆ ಬದಲಾಗಬಹುದಾದ್ದರಿಂದ ಅದರ ಮೇಲೆ ‘ಈ ದಿನಾಂಕದಂದು ಇದ್ದಂತೆ’ ಎಂಬ ಸಾಲು, ಸರ್ವೆ ನಂಬರ್‌ಗಳ ತಃಖ್ತೆ (ಪಟ್ಟಿ), ಮೂಲೆಯಲ್ಲಿ ಕ್ಯೂಆರ್ ಕೋಡ್.

ಉಳಿದದ್ದು ಒಂದೇ. ಬಣ್ಣ, ಗೆರೆಗಳ ಅರ್ಥ ಹೇಳುವ ಚೌಕಕ್ಕೆ ‘ಸೂಚಿ’ ಎಂದರೆ ಪುಸ್ತಕದ ಕೊನೆಯ ಪಟ್ಟಿ ನೆನಪಾಗುತ್ತದೆ ಎಂದು ಆಕ್ಷೇಪ ಬಂದಿದೆ. ಸದ್ಯಕ್ಕೆ ‘ಗುರುತುಗಳ ವಿವರ’ ಎಂದು ಹಾಕಲಾಗಿದೆ. ಇದಕ್ಕಿಂತ ಚಿಕ್ಕದು ಯಾರ ಬಾಯಲ್ಲಾದರೂ ಇದ್ದರೆ ಮುದ್ರಣಕ್ಕೆ ಹೋಗುವ ಮುಂಚೆ ತಿಳಿಸಿ.