ಬ್ಲ್ಯಾಕ್ ಹೋಲ್ ಭೂಮಿನ ನುಂಗುತ್ತದಾ ಅಕ್ಕೋರೆ?

ಪ್ರಶ್ನೆ (ಜಮಖಂಡಿ): ಅಕ್ಕೋರೆ, ನಮಸ್ಕಾರ. ನಮ್ಮ ಗ್ಯಾಲಕ್ಸಿ, ಅಂದರೆ ಸೂರ್ಯ ಇರುವ ನಕ್ಷತ್ರಗಳ ದೊಡ್ಡ ಗುಂಪಿನ ನಡುವೆ ಬ್ಲ್ಯಾಕ್ ಹೋಲ್ ಇದೆ, ಎಲ್ಲಾನೂ ಎಳೆದುಕೊಳ್ಳುತ್ತಿದೆ, ಭೂಮಿ ಪಾಳಿನೂ ಬರುತ್ತದೆ ಅಂತ ಒಂದು ವಿಡಿಯೋ ಬಂದಿದೆ. ಮಗಳು ಒಂದೇ ಸಮ ಕೇಳುತ್ತಿದ್ದಾಳೆ. ನಿಜಾನಾ?

ಉತ್ತರ (ಬೆಳಗಾವಿ, ಭೌತಶಾಸ್ತ್ರ ಉಪನ್ಯಾಸಕಿ): ಬ್ಲ್ಯಾಕ್ ಹೋಲ್ ಅಂದರೆ ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಸೆಳೆತ ಇರುವ ಕಪ್ಪು ಕುಳಿ. ಅದು ಇರುವುದು ನಿಜ. ಸಜಿಟೇರಿಯಸ್ ಎ-ಸ್ಟಾರ್ ಅಂತ ಹೆಸರು, ಸುಮಾರು 43 ಲಕ್ಷ ಸೂರ್ಯರ ತೂಕ, 2022ರ ಮೇ ತಿಂಗಳಲ್ಲಿ ಅದರ ಚಿತ್ರವೂ ಹೊರಬಂತು. ಎಲ್ಲಾನೂ ಎಳೆದುಕೊಳ್ಳುತ್ತದೆ ಅನ್ನುವುದು ಮಾತ್ರ ಸುಳ್ಳು. ತೀರಾ ಹತ್ತಿರ ಹೋದರಷ್ಟೇ ಬಿಡುಗಡೆ ಇಲ್ಲ.

ಎಸ್2 ಅಂತ ಒಂದು ನಕ್ಷತ್ರ 16 ವರ್ಷಕ್ಕೊಮ್ಮೆ ಅದನ್ನು ಸುತ್ತುತ್ತದೆ. 2018ರಲ್ಲಿ, ಸೂರ್ಯನಿಂದ ಭೂಮಿಗಿರುವ ದೂರದ ಬರೀ 120 ಪಟ್ಟು ಅಂತರದಲ್ಲಿ, ಸೆಕೆಂಡಿಗೆ 7 ಸಾವಿರ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಹಾದು ಆರಾಮಾಗಿ ಆಚೆ ಹೋಯಿತು. ನಾವಿರುವುದು ಸುಮಾರು 27 ಸಾವಿರ ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೇ ಅಲ್ಲಿಂದ ಬರಲು ಅಷ್ಟು ವರ್ಷ ಬೇಕು!

ಹೆದರುವುದಾದರೆ ಸೂರ್ಯನಿಗೆ ಹೆದರಿ. ಇನ್ನು 100 ಕೋಟಿ ವರ್ಷಕ್ಕೆ ಅವನ ಕಾವು ಏರಿ ಸಮುದ್ರ ಬತ್ತುತ್ತದೆ. 500 ಕೋಟಿ ವರ್ಷಕ್ಕೆ ಉಬ್ಬಿ ಕೆಂಪಾಗುತ್ತಾನೆ. ಭೂಮಿನ ನುಂಗಿದರೆ ಅವನೇ ನುಂಗಬೇಕು.

ಪ್ರಶ್ನೆ (ಇಂಡಿ): ಪಕ್ಕದ ಆಂಡ್ರೊಮಿಡಾ ಗ್ಯಾಲಕ್ಸಿ ಬಂದು ನಮ್ಮದಕ್ಕೆ ಗುದ್ದುತ್ತದಂತಲ್ಲ ಮೇಡಂ?

ಉತ್ತರ: ಗ್ಯಾರಂಟಿ ಅಂತಿದ್ದರು. 2025ರಲ್ಲಿ ಬಂದ ಹೊಸ ಲೆಕ್ಕದ ಪ್ರಕಾರ ಮುಂದಿನ 1000 ಕೋಟಿ ವರ್ಷದಲ್ಲಿ ಗುದ್ದುವ ಸಾಧ್ಯತೆ ಅರ್ಧಕ್ಕರ್ಧ ಅಷ್ಟೇ. ಗುದ್ದಿದರೂ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ಅಪರೂಪ, ನಡುವೆ ಅಷ್ಟು ಖಾಲಿ ಜಾಗ ಇದೆ. ಎರಡೂ ಕಡೆಯ ಬ್ಲ್ಯಾಕ್ ಹೋಲ್ ನಿಧಾನಕ್ಕೆ ನಡುವಿಗೆ ಇಳಿದು ಒಂದಾಗುತ್ತವೆ. ಅಂದಹಾಗೆ ನವೆಂಬರ್ ರಾತ್ರಿ ಎಂಟೊಂಬತ್ತಕ್ಕೆ ಹೊಲದ ಕಡೆ ಹೋಗಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ನೋಡಿ, ಆಂಡ್ರೊಮಿಡಾ ಮಸುಕಾಗಿ ಬರಿಗಣ್ಣಿಗೇ ಕಾಣುತ್ತದೆ.

ಪ್ರಶ್ನೆ (ಜಮಖಂಡಿ): ಮಗಳು ಬಿಡುತ್ತಿಲ್ಲ ಅಕ್ಕೋರೆ. ಎಲ್ಲಾ ನಕ್ಷತ್ರ ಆರಿದ ಮೇಲೆ ಏನು ಅಂತಾಳೆ.

ಉತ್ತರ: ಶಾಣ್ಯಾ ಇದ್ದಾಳೆ! 1ರ ಮುಂದೆ 14 ಸೊನ್ನೆ ಹಾಕಿ, ಅಷ್ಟು ವರ್ಷದ ಹೊತ್ತಿಗೆ ಹೊಸ ನಕ್ಷತ್ರ ಹುಟ್ಟುವುದು ನಿಲ್ಲುತ್ತದೆ. ಆಮೇಲೆ ಸತ್ತ ನಕ್ಷತ್ರಗಳು ಒಂದರ ಹತ್ತಿರ ಇನ್ನೊಂದು ಹಾದಾಗೆಲ್ಲ ದಾರಿ ತಪ್ಪುತ್ತವೆ. ಹೆಚ್ಚಿನವು ಗ್ಯಾಲಕ್ಸಿಯಿಂದಲೇ ಆಚೆ ಬೀಳುತ್ತವೆ, ಉಳಿದವು ಬ್ಲ್ಯಾಕ್ ಹೋಲ್ ಪಾಲು. ವಿಡಿಯೋದವರು ಹೇಳಿದ್ದು ಇಲ್ಲಿ ಸ್ವಲ್ಪ ನಿಜ, ಕಾಲ ಮಾತ್ರ ಹೇಳಲಿಲ್ಲ. ಕೊನೆಗೆ ಅದೂ ಉಳಿಯುವುದಿಲ್ಲ. ಬ್ಲ್ಯಾಕ್ ಹೋಲ್ ಕೂಡ ಸಣ್ಣಗೆ ಶಾಖ ಸೋರುತ್ತಾ ಕರಗುತ್ತದೆ ಅಂತ ವಿಜ್ಞಾನಿ ಸ್ಟೀಫನ್ ಹಾಕಿಂಗ್ 1974ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇನ್ನೂ ಯಾರೂ ಕಣ್ಣಾರೆ ಕಂಡಿಲ್ಲ. ನಮ್ಮದು ಕರಗಲು ಹೆಚ್ಚುಕಡಿಮೆ 1ರ ಮುಂದೆ 87 ಸೊನ್ನೆಯಷ್ಟು ವರ್ಷ ಬೇಕು.

ಜಮಖಂಡಿ: ಹಾಗಾದರೆ ಈ ವರ್ಷ ಕಬ್ಬು ಹಚ್ಚಬಹುದು ಅನ್ನಿ.

ಉತ್ತರ: ಹಚ್ಚಿ. ಬಿಲ್ ಯಾವಾಗ ಬರುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡಿ.