ಕರ್ತವ್ಯದಲ್ಲಿ ತೀರಿಕೊಂಡ ಸಹೋದ್ಯೋಗಿಗೆ ಠಾಣೆಯ ಅಂತಿಮ ಗೌರವ: ಕರಡು ಹಾಕಿದ್ದೇನೆ, ತಿದ್ದಿ

ಪ್ರಮುಖ ಅಗ್ನಿಶಾಮಕ, ಮಲೆನಾಡು
ಬೆಂಕಿಗೆ ಹೋದವರು ವಾಪಸ್ ಬರದಿದ್ದಾಗ ಠಾಣೆಯಲ್ಲಿ ಯಾರಿಗೂ ತಲೆ ಓಡುವುದಿಲ್ಲ. ಅದಕ್ಕೇ ಮೊದಲೇ ಬರೆದಿಟ್ಟ ಕ್ರಮ ಒಂದು ಬೇಕು. ನನ್ನ ಕರಡು ಇಷ್ಟು: ಅವರ ಹೆಲ್ಮೆಟ್, ಬೂಟು ತೊಳೆದು ಪಾಲಿಶ್ ಮಾಡಿ ಪೆಟ್ಟಿಗೆ ಮೇಲೆ ಇಡುವುದು. ತ್ರಿವರ್ಣ ಹೊದಿಸುವುದು. ಹೂವಿನಿಂದ ಅಲಂಕರಿಸಿದ ಜಲವಾಹನದಲ್ಲಿ ಸೈರನ್ ಹಾಕಿ ಮೆರವಣಿಗೆ. ಮೂರು ಸುತ್ತು ಕುಶಾಲತೋಪು. ಅಮೆರಿಕದ ಠಾಣೆಗಳಲ್ಲಿ ಮಾಡುವಂತೆ ಐದೈದು ಸಲ ಮೂರು ಬಾರಿ ಗಂಟೆ. ಕೊನೆಗೆ ಎರಡು ನಿಮಿಷ ಮೌನ. ಏನು ಬಿಟ್ಟಿದ್ದೇನೆ ಹೇಳಿ.

ಬಿಎ ಸೆಟ್ ಮೇಷ್ಟ್ರು
ಮೊದಲ ಸಾಲೇ ತೆಗೆದುಹಾಕಿ. ಹೆಲ್ಮೆಟ್ ತೊಳೆಯಬಾರದು, ಬೂಟಿಗೆ ಪಾಲಿಶ್ ಹಚ್ಚಬಾರದು. ಅವರು ಹೇಗೆ ತೀರಿಕೊಂಡರು ಅನ್ನೋದಕ್ಕೆ ಸಾಕ್ಷಿ ಹೇಳುವುದು ಆ ಸಾಮಾನು ಮಾತ್ರ.

ಅವರನ್ನು ಹೊರಗೆ ತಂದು, ಬದುಕಿಸುವ ಪ್ರಯತ್ನವೆಲ್ಲ ಮುಗಿದ ಮೇಲೆ ಬಿಎ ಸೆಟ್ಟಿನ (ಬೆನ್ನಿಗೆ ಹಾಕಿಕೊಳ್ಳುವ ಉಸಿರಾಟದ ಸಾಧನ) ಹತ್ತಿರ ಒಬ್ಬರನ್ನು ಕಾವಲು ನಿಲ್ಲಿಸಿ. ಗೇಜಿನಲ್ಲಿ ಗಾಳಿಯ ಒತ್ತಡ ಎಷ್ಟು ಬಾರ್ ಇದೆ ಅಂತ ಬರೆದು ಫೋಟೊ ತೆಗೆಯಿರಿ. ಸಿಲಿಂಡರ್ ವಾಲ್ವ್ ಮುಚ್ಚುವಾಗ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ ಬರೆಯಿರಿ. ಪೂರ್ತಿ ತೆರೆದಿತ್ತೋ, ಒಂದೇ ಸುತ್ತು ತೆರೆದಿತ್ತೋ ಅನ್ನೋದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಮಾಸ್ಕ್, ಡಿಮಾಂಡ್ ವಾಲ್ವ್ (ಉಸಿರೆಳೆದಾಗ ಗಾಳಿ ಬಿಡುವ ಭಾಗ) ಬಿಚ್ಚಬೇಡಿ. ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒದ್ದೆಗೆ ಬೂಸ್ಟು ಹಿಡಿಯುತ್ತದೆ. ದಪ್ಪ ಕಾಗದದ ಚೀಲದಲ್ಲಿಟ್ಟು, ಸೀಲ್ ಮಾಡಿ, ಪಂಚರ ಸಹಿ ಹಾಕಿಸಿ ಪೊಲೀಸರಿಗೆ ಕೊಡಿ.

ದೊಡ್ಡ ಅನಾಹುತ ಆಗುವುದು ಎಲ್ಲಿ ಅಂದರೆ, ಮುಂದಿನ ಪಾಳಿಗೆ ಬೇಕು ಅಂತ ಯಾರೋ ಒಳ್ಳೇ ಮನಸ್ಸಿನಿಂದಲೇ ಆ ಸಿಲಿಂಡರ್ ಮತ್ತೆ ತುಂಬಿಸಿಬಿಡುತ್ತಾರೆ. 6 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಅಂದರೆ ಸುಮಾರು 1800 ಲೀಟರ್ ಗಾಳಿ. ಅದರಲ್ಲಿ ಉಳಿದಿದ್ದನ್ನು ಪರೀಕ್ಷೆಗೆ ಕಳಿಸಿದರೆ ಕಂಪ್ರೆಸರ್ ಕಾರ್ಬನ್ ಮಾನಾಕ್ಸೈಡ್ ಎಳೆದುಕೊಂಡಿತ್ತೇ ಇಲ್ಲವೇ ಗೊತ್ತಾಗುತ್ತದೆ. ಅದೇ ಕಂಪ್ರೆಸರಿನಲ್ಲಿ ತುಂಬಿದ ಉಳಿದ ಸಿಲಿಂಡರುಗಳನ್ನೂ ವರದಿ ಬರುವವರೆಗೆ ಬಳಸಬಾರದು. ಅವು ಇನ್ನೊಬ್ಬರ ಬೆನ್ನಿಗೆ ಹೋಗುತ್ತವೆ.

ಪ್ರಮುಖ ಅಗ್ನಿಶಾಮಕ, ಮಲೆನಾಡು
ಒಪ್ಪಿದೆ. ಆದರೆ ಪೆಟ್ಟಿಗೆ ಮೇಲೆ ಬರಿ ಹೂವಿದ್ದರೆ ಮನೆಯವರಿಗೂ ನಮಗೂ ಏನೋ ಕೊರತೆ ಅನಿಸುವುದಿಲ್ಲವೇ? ಅವರು ಹಾಕಿಕೊಂಡಿದ್ದ ಹೆಲ್ಮೆಟ್ಟೇ ಅಲ್ಲವೇ ಅದು?

ಬಿಎ ಸೆಟ್ ಮೇಷ್ಟ್ರು
ಕೊರತೆ ಹೌದು. ಸ್ಟೋರಿನಿಂದ ಹೊಸ ಹೆಲ್ಮೆಟ್, ಅವರದೇ ಬೀರುವಿನಲ್ಲಿರುವ ಇಸ್ತ್ರಿ ಮಾಡಿದ ಸಮವಸ್ತ್ರ, ಪೀಕ್ ಕ್ಯಾಪ್, ಬೆಲ್ಟ್ ಇಡಿ. ಬೀರು ತೆರೆಯುವಾಗ ಮನೆಯವರು ಒಬ್ಬರು ಜೊತೆಗಿರಲಿ, ಪಟ್ಟಿ ಮಾಡಿ. ತೊಟ್ಟಿದ್ದ ಹೆಲ್ಮೆಟ್ ಸೀಲಿನಲ್ಲೇ ಇರಲಿ.

ಡಿಎಆರ್ ಬ್ಯೂಗಲ್
ಧ್ವಜದ ವಿಷಯ. ಧ್ವಜ ಸಂಹಿತೆ ಪ್ರಕಾರ ತ್ರಿವರ್ಣ ಹೊದಿಸುವುದು ಸರ್ಕಾರಿ, ಸೇನಾ, ಕೇಂದ್ರ ಅರೆಸೇನಾ ಗೌರವದ ಅಂತ್ಯಕ್ರಿಯೆಗೆ ಮಾತ್ರ. ಠಾಣಾಧಿಕಾರಿ ತಾನೇ ತೀರ್ಮಾನಿಸಿ ಹೊದಿಸುವಂತಿಲ್ಲ. ಸರ್ಕಾರದ ಆದೇಶ ಬೇಕು, ಅದನ್ನು ಜಿಲ್ಲಾಡಳಿತದ ಮೂಲಕ ಕೇಳಬೇಕು. ಆದೇಶ ಬಾರದಿದ್ದರೆ ಇಲಾಖೆಯ ಧ್ವಜ ಹೊದಿಸಿ. ಹಾಗೆಯೇ ಠಾಣೆಯ ಕಂಬದ ರಾಷ್ಟ್ರಧ್ವಜವನ್ನು ನಾವಾಗಿ ಅರ್ಧಕ್ಕೆ ಇಳಿಸುವಂತಿಲ್ಲ.

ಆದೇಶ ಬಂದರೆ 1800×1200 ಮಿಲಿಮೀಟರ್ ಅಳತೆಯದು ಸಾಕು. ಕೇಸರಿ ತಲೆಯ ಕಡೆ. ಚಿತೆಗೆ ಬೆಂಕಿ ಇಡುವ ಮೊದಲು, ಕುಣಿಗೆ ಇಳಿಸುವ ಮೊದಲು ತೆಗೆಯಲೇಬೇಕು. ಮಡಚುವುದನ್ನು ಹಿಂದಿನ ದಿನ ಬೇರೆ ಬಟ್ಟೆಯಲ್ಲಿ ಅಭ್ಯಾಸ ಮಾಡಿ: ಅಡ್ಡಕ್ಕೆ ಹಿಡಿದು ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಬೇಕು. ಆಮೇಲೆ ಎರಡೂ ಬದಿಯಿಂದ ನಡುವಿಗೆ ತಂದು, ಚಕ್ರವೂ ಕೇಸರಿ ಹಸಿರಿನ ಅಂಚೂ ಕಾಣುವಂತೆ ಮಾಡಬೇಕು. ಅಂಗೈ ಮೇಲೆ ಹೊತ್ತು ಮನೆಯವರಿಗೆ ಕೊಡಬೇಕು. ಯಾರ ಕೈಗೆ ಅಂತ ಮೊದಲೇ ಕೇಳಿ. ಹೆಂಡತಿಯೋ ತಾಯಿಯೋ ಅನ್ನೋದು ಸ್ಮಶಾನದಲ್ಲಿ ನಿಂತು ಕೇಳುವ ಪ್ರಶ್ನೆಯಲ್ಲ.

ಕುಶಾಲತೋಪಿಗೆ ನಿಮ್ಮಲ್ಲಿ ಬಂದೂಕಿಲ್ಲ, ಜಿಲ್ಲಾ ಸಶಸ್ತ್ರ ಮೀಸಲು ಪಡೆ (ಡಿಎಆರ್) ಬರಬೇಕು, ಲಿಖಿತ ಕೋರಿಕೆ ಕಳಿಸಬೇಕು. ತೋಟಾ ಸಿಡಿಯದಿದ್ದರೆ ಏನಾಗುತ್ತದೆ ಅಂತ 2019ರಲ್ಲಿ ಬಿಹಾರದಲ್ಲಿ ಎಲ್ಲರೂ ನೋಡಿದ್ದಾರೆ. ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ 22 ಬಂದೂಕುಗಳಲ್ಲಿ ಒಂದೂ ಸಿಡಿಯಲಿಲ್ಲ. ಹೊರಡುವ ಮೊದಲು ಅದೇ ಪೆಟ್ಟಿಗೆಯ ಎರಡು ಮೂರು ಖಾಲಿ ತೋಟಾ (ಗುಂಡಿಲ್ಲದೆ ಸದ್ದು ಮಾತ್ರ ಮಾಡುವುದು) ಹಾರಿಸಿ ನೋಡಬೇಕು. ಖಾಲಿ ತೋಟಾವೂ ಹತ್ತಿರದಿಂದ ಬಡಿದರೆ ಗಾಯ ಮಾಡುತ್ತದೆ, ಸಾಲಿನ ಮುಂದೆ ಜನ ನಿಲ್ಲಬಾರದು. ಸಿಡಿದ ತೋಟಾದ ಕೋಶಗಳನ್ನೆಲ್ಲ ಎಣಿಸಿ ಶಸ್ತ್ರಾಗಾರಕ್ಕೆ ಒಪ್ಪಿಸಬೇಕು. ನೆನಪಿಗೆ ಒಂದು ಕೊಡಿಸುತ್ತೇವೆ ಅಂತ ಮನೆಯವರಿಗೆ ಮಾತು ಕೊಡಬೇಡಿ.

ಜಲವಾಹನ ಚಾಲಕ
4500 ಲೀಟರಿನ ಜಲವಾಹನವನ್ನು ನಡಿಗೆಯ ವೇಗದಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ ಅಂತ ಬರೆಯುವ ಮುನ್ನ ಕ್ಲಚ್ ಪ್ಲೇಟ್ ನೆನೆಸಿಕೊಳ್ಳಿ. ಅರ್ಧ ಕ್ಲಚ್ಚಿನಲ್ಲೇ ಎಳೆದರೆ ಸುಟ್ಟ ವಾಸನೆ ಮೆರವಣಿಗೆಯ ಮಧ್ಯದಲ್ಲೇ ಬರುತ್ತದೆ. ದಾರಿಯುದ್ದಕ್ಕೂ ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹೋಗಲಿ, ಕಾಲ್ನಡಿಗೆ ಕೊನೆಯ 200 ಮೀಟರ್ ಮಾತ್ರ ಇರಲಿ. ಟ್ಯಾಂಕ್ ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ. ಅರ್ಧ ನೀರಿದ್ದರೆ ಬ್ರೇಕ್ ಹಿಡಿದಾಗೆಲ್ಲ ತುಳುಕಿ ಗಾಡಿ ಜಗ್ಗುತ್ತದೆ, ಮೇಲಿದ್ದ ಪೆಟ್ಟಿಗೆ ಜಾರುತ್ತದೆ. ಹೋಸ್‌ಗಳನ್ನು ಇಳಿಸಿ, ರಬ್ಬರ್ ಚಾಪೆ ಹಾಸಿ, ಎರಡು ಕಡೆ ಬೆಲ್ಟ್ ಬಿಗಿದು ಅದರ ಮೇಲೆ ಹೂವು. ತಲೆಗಿಂತ ಎತ್ತರಕ್ಕೆ ಎತ್ತಬೇಕಾದ ಗಾಡಿ ಆದರೆ ಬೇಡವೇ ಬೇಡ, ತಗ್ಗಿನ ಗಾಡಿ ತರಿಸಿ. ಹೊರುವವರು ಆರರಿಂದ ಎಂಟು ಮಂದಿ, ಎದುರು ಬದುರು ಒಂದೇ ಎತ್ತರದವರು. ಫ್ರೀಜರ್ ಪೆಟ್ಟಿಗೆಯನ್ನು ಗಾಡಿ ಮೇಲೆ ಏರಿಸುವ ಯೋಚನೆಯನ್ನೂ ಮಾಡಬೇಡಿ.

ಸೈರನ್‌ಗೆ ನನ್ನ ವಿರೋಧ ಇದೆ. ಸೈರನ್ ಕೇಳಿದರೆ ದಾರಿ ಬಿಡಿ ಅಂತ ಜನಕ್ಕೆ ಕಲಿಸುವುದೇ ಕಷ್ಟ. ಲೈಟ್ ಮಾತ್ರ ಇರಲಿ.

ನಿವೃತ್ತ ಠಾಣಾಧಿಕಾರಿ
ಚಾಲಕರ ಮಾತು ಒಪ್ಪುತ್ತೇನೆ, ಆದರೆ ಸ್ಮಶಾನದ ಬಾಗಿಲಲ್ಲಿ ಒಂದು ಸಲ ಸೈರನ್ ಹಾಕಿ ನಿಲ್ಲಿಸುವುದರಲ್ಲಿ ತಪ್ಪು ಕಾಣುವುದಿಲ್ಲ. ಅಲ್ಲಿ ದಾರಿ ಬಿಡಬೇಕಾದವರು ಯಾರೂ ಇರುವುದಿಲ್ಲ. ಬದುಕಿಡೀ ಅದೇ ಸದ್ದಿಗೆ ಎದ್ದು ಓಡಿದವರಿಗೆ ಅಷ್ಟು ಸಲ್ಲಬೇಕು.

ಗಂಟೆ ಮಾತ್ರ ಬೇಡ. 5-5-5 ಅಲ್ಲಿನ ಟೆಲಿಗ್ರಾಫ್ ಕಾಲದ ಸಂಕೇತ, ಅವರಿಗೆ ಅದರ ಹಿಂದೆ ಶತಮಾನದ ಬಳಕೆ ಇದೆ. ನಮ್ಮ ಠಾಣೆಯಲ್ಲಿ ಗಂಟೆ ಬಾರಿಸಿದರೆ ಟರ್ನ್‌ಔಟ್, ಅಂದರೆ ಕರೆಗೆ ಹೊರಡುವುದು. ಪಾಳಿಯಲ್ಲಿರುವವರು ಗಾಡಿ ಹತ್ತಲು ಓಡುತ್ತಾರೆ, ಓಡಲೇಬೇಕು.

ನಮ್ಮದೇ ದಿನ ನಮಗಿದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಹತ್ತಿ ಮೂಟೆ, ಸ್ಫೋಟಕ ಎರಡನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು. ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಸುತ್ತೇವೆ, ಹಾರ ಹಾಕುತ್ತೇವೆ. ಹಡಗು ಯಾಕೆ ಸಿಡಿಯಿತು ಅಂತ ಹತ್ತು ನಿಮಿಷ ಹೇಳುವ ಠಾಣೆ ಬೇಕು. ನಮ್ಮ ಠಾಣೆಯಲ್ಲಿ ತೀರಿಕೊಂಡವರ ವಿಷಯವೂ ಅಷ್ಟೇ. ತನಿಖಾ ವರದಿ ಬಂದ ಮೇಲೆ ಆ ದಿನ ಅದನ್ನು ಓದಬೇಕು.

ಪ್ರಮುಖ ಅಗ್ನಿಶಾಮಕ, ಮಲೆನಾಡು
ಗಂಟೆ ಬಿಡುತ್ತೇನೆ. ಅದರ ಬದಲು ಕಂಟ್ರೋಲ್ ರೂಮಿನಿಂದ ವೈರ್‌ಲೆಸ್‌ನಲ್ಲಿ ಅವರ ಹೆಸರು ಕರೆಯೋಣವೇ?

ಜಲವಾಹನ ಚಾಲಕ
ಕೆಲಸದ ಚಾನೆಲ್‌ನಲ್ಲಿ ಬೇಡ. ಆ ಅರ್ಧ ನಿಮಿಷದಲ್ಲಿ ಎಲ್ಲಿಂದಲೋ ಒಂದು ಸಿಬ್ಬಂದಿ ಸಹಾಯ ಕೇಳುತ್ತಿರಬಹುದು. ಮರುದಿನ ಬೆಳಗಿನ ಹಾಜರಿಯಲ್ಲಿ ಹೆಸರು ಕರೆಯಿರಿ, ಸಾಕು. ಮತ್ತೆ ಅಂತ್ಯಕ್ರಿಯೆಯ ದಿನ ಠಾಣೆ ಖಾಲಿ ಬಿಡುವಂತಿಲ್ಲ, ಪಕ್ಕದ ತಾಲ್ಲೂಕಿನಿಂದ ಒಂದು ಗಾಡಿ, ಒಂದು ಪೂರ್ತಿ ಸಿಬ್ಬಂದಿ ಬಂದು ಕೂರಬೇಕು. ಕರಡಿನಲ್ಲಿ ಅದಿಲ್ಲ.

ಕಲಬುರಗಿ ಇಎಂಟಿ
ಎಲ್ಲರೂ ಪೆಟ್ಟಿಗೆ ಲೆಕ್ಕದಲ್ಲೇ ಬರೆದಿದ್ದೀರಿ. ಲಿಂಗಾಯತರಲ್ಲಿ ವಿಮಾನ (ಶವ ಹೊರುವ ಅಲಂಕೃತ ಪಲ್ಲಕ್ಕಿ) ಕಟ್ಟಿ, ಕೂರಿಸಿ ಸಮಾಧಿ ಮಾಡುತ್ತಾರೆ. ಮೈ ಸೆಟೆದ ಮೇಲೆ ಕೂರಿಸುವುದು ಕಷ್ಟ, ಮರಣೋತ್ತರ ಪರೀಕ್ಷೆಗೆ ಹೇಗಿದ್ದರೂ ಹೊತ್ತು ಹೋಗಿರುತ್ತದೆ. ಶವಾಗಾರದಲ್ಲಿರುವಾಗಲೇ ಮನೆಯವರನ್ನು ಕೇಳಿ, ಇಲಾಖೆಯ ಗೌರವವನ್ನು ಮಲಗಿಸಿದ ಸ್ಥಿತಿಯಲ್ಲಿ ಠಾಣೆಯಲ್ಲೇ ಮುಗಿಸಿ ಬಿಟ್ಟುಕೊಡಿ. ಮುಸ್ಲಿಂ ಕುಟುಂಬ ಆದರೆ ದಫನ್ ತಡ ಮಾಡುವಂತಿಲ್ಲ, ಸಚಿವರು ಬರುತ್ತಾರೆ ಅಂತ ಮೂರು ಗಂಟೆ ಕಾಯಿಸಬೇಡಿ. ಮೊದಲು ಮನೆಯವರು, ಆಮೇಲೆ ನಾವು.

ಇನ್ನೊಂದು. ಆಂಬುಲೆನ್ಸ್ ಚಾಲಕರು, ನಮ್ಮಂಥ ಇಎಂಟಿಗಳು (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವರು) ಗುತ್ತಿಗೆಯವರು. ಅಪಘಾತದ ಜಾಗದಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿರುತ್ತೇವೆ, ನಿಮ್ಮ ಕರಡಿನಲ್ಲಿ ನಮ್ಮ ಹೆಸರಿಲ್ಲ.

ನಿವೃತ್ತ ಠಾಣಾಧಿಕಾರಿ
ಸೇರಿಸಲೇಬೇಕು. ಸರ್ಕಾರಿ ಗೌರವಕ್ಕೆ ಆದೇಶ ಬೇಕು, ಆದರೆ ಸಮವಸ್ತ್ರದಲ್ಲಿ ಸಾಲಾಗಿ ನಿಲ್ಲುವುದಕ್ಕೆ, ಹೆಗಲು ಕೊಡುವುದಕ್ಕೆ ಯಾವ ಆದೇಶವೂ ಬೇಡ.

ಕಾಗದಪತ್ರ ಹಿಡಿಯಲು ಒಬ್ಬರನ್ನು ನೇಮಿಸಿ. ಆ ಮನುಷ್ಯ ವರ್ಷವಿಡೀ ಆ ಮನೆಗೆ ಹೋಗಿಬರಬೇಕು. ಗುತ್ತಿಗೆಯವರಾದರೆ ಪಿಎಫ್ ಜೊತೆ ಬರುವ ಇಡಿಎಲ್‌ಐ ವಿಮೆ ಗರಿಷ್ಠ 7 ಲಕ್ಷದವರೆಗೆ ಇದೆ. ಪಿಎಫ್, ಪಿಂಚಣಿ, ವಿಮೆ ಮೂರಕ್ಕೂ ಸೇರಿ ಒಂದೇ ಅರ್ಜಿ. ನಾಮಿನಿ ಹೆಸರು ಮದುವೆಗೆ ಮುಂಚಿನದ್ದೇ ಉಳಿದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದನ್ನು ಎಲ್ಲರೂ ಬದುಕಿರುವಾಗಲೇ ಸರಿ ಮಾಡಿಕೊಳ್ಳಿ. ಕಾಯಂ ನೌಕರರಾದರೆ ಅನುಕಂಪದ ನೇಮಕಾತಿಗೆ ಸಾವಿನ ದಿನಾಂಕದಿಂದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ದುಃಖದಲ್ಲಿರುವ ಮನೆಗೆ ಆ ಒಂದು ವರ್ಷ ಹೋದದ್ದೇ ತಿಳಿಯುವುದಿಲ್ಲ. ಎಫ್ಐಆರ್ ಅಥವಾ ಅಸಹಜ ಸಾವಿನ ವರದಿ, ಪಂಚನಾಮೆ, ಮರಣೋತ್ತರ ಪರೀಕ್ಷಾ ವರದಿ, ಆ ದಿನದ ಟರ್ನ್‌ಔಟ್ ನಮೂದು, ಇವೆಲ್ಲದರ ದೃಢೀಕೃತ ಪ್ರತಿ ಐದೈದು ಮಾಡಿಸಿಡಿ. ಅವರು ಕರ್ತವ್ಯದಲ್ಲಿದ್ದರು ಅನ್ನೋದಕ್ಕೆ ಟರ್ನ್‌ಔಟ್ ನಮೂದೇ ಆಧಾರ. ಅದರಲ್ಲಿ ಹೆಸರು ಬಿಟ್ಟುಹೋಗಿದ್ದರೆ ಉಳಿದ ಕಾಗದವೆಲ್ಲ ಕುಂಟುತ್ತದೆ.

ಡಿಎಆರ್ ಬ್ಯೂಗಲ್
ಇದಕ್ಕೆಲ್ಲ ಮುಂಚೆ ಒಂದು ಸಾಲು ಸೇರಿಸಿ: ಮನೆಗೆ ಸುದ್ದಿ ಮುಟ್ಟುವವರೆಗೆ ಯಾರೂ ವಾಟ್ಸಾಪ್ ಸ್ಟೇಟಸ್ ಹಾಕಬಾರದು. ಫೋನಿನಲ್ಲಿ ಹೇಳಬಾರದು. ಮನೆಯವರಿಗೆ ಪರಿಚಯ ಇರುವ ಒಬ್ಬರು, ಒಬ್ಬ ಅಧಿಕಾರಿ, ಇಬ್ಬರೂ ಹೋಗಿ ಕೂತು ಹೇಳಬೇಕು. "ಸೀರಿಯಸ್ ಆಗಿದ್ದಾರೆ" ಅಂತ ಸುಳ್ಳು ಹೇಳಿ ಕರೆತರಬಾರದು.

ಪ್ರಮುಖ ಅಗ್ನಿಶಾಮಕ, ಮಲೆನಾಡು
ಎಲ್ಲ ಸೇರಿಸಿ ಭಾನುವಾರ ಹೊಸ ಕರಡು ಹಾಕುತ್ತೇನೆ. ಉಳಿದಿದ್ದು ಒಂದು: ಸೀಲಿನಲ್ಲಿಟ್ಟ ಆ ಹೆಲ್ಮೆಟ್ ಕೊನೆಗೆ ಮನೆಯವರಿಗೆ ಸಿಗುತ್ತದೆಯೇ?

ಬಿಎ ಸೆಟ್ ಮೇಷ್ಟ್ರು
ಜಪ್ತಿಯಾದ ಸಾಮಾನು, ತನಿಖೆ ಮುಗಿದ ಮೇಲೆ ಬಿಡಿಸಿಕೊಳ್ಳಲು ಅರ್ಜಿ ಹಾಕಬೇಕು. ಇಲಾಖೆಯೇ ಹಾಕಲಿ, ಮನೆಯವರನ್ನು ಅಲೆಸಬೇಡಿ. ಸಿಕ್ಕ ಮೇಲೂ ಹಾಗೇ ಕೈಗೆ ಕೊಡಬೇಡಿ. ಒಳಪಟ್ಟಿಗೆ ಅಂಟಿದ ಮಸಿಯಲ್ಲಿ ಕ್ಯಾನ್ಸರ್ ತರುವ ವಸ್ತುಗಳಿರುತ್ತವೆ, ಮಕ್ಕಳು ತಲೆಗೆ ಹಾಕಿಕೊಂಡು ನೋಡುತ್ತಾರೆ. ನಾಲ್ಕೂ ಕಡೆ ಸಿಲಿಕೋನ್ ಹಾಕಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಹೆಸರು, ಠಾಣೆ, ದಿನಾಂಕ ಕೆತ್ತಿಸಿ ಕೊಡಿ. ಬೇಡ ಅಂದರೆ ಠಾಣೆಯಲ್ಲಿ ಇಡಿ. ಮುಂದೆ ಬೇಕು ಅಂದ ದಿನ ಕೊಡುತ್ತೇವೆ ಅಂತ ರಿಜಿಸ್ಟರಿನಲ್ಲಿ ಬರೆದಿಡಿ.