ಸೆವೋಫ್ಲೂರೇನ್ ಏರಿಸಿದೊಡನೆ ಎಸ್‌ಎಸ್‌ಇಪಿ ಅಲೆ ಕುಗ್ಗಿತು: ಬೆನ್ನುಹುರಿಗೆ ಪೆಟ್ಟೇ, ಅರಿವಳಿಕೆಯೇ?

ಪ್ರಶ್ನೆ (ತುಮಕೂರು):
ತುಮಕೂರಿನ ಆಸ್ಪತ್ರೆಯೊಂದರಲ್ಲಿ ನಾನು ನರ ಮಾನಿಟರಿಂಗ್ ಟೆಕ್ನಿಷಿಯನ್: ಕೈಕಾಲಿನ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು, ಸಂಕೇತ ಬೆನ್ನುಹುರಿಯ ಮೂಲಕ ಮಿದುಳು ತಲುಪುತ್ತಿದೆಯೇ ಎಂದು ಎಸ್‌ಎಸ್‌ಇಪಿ ಅಲೆಗಳಲ್ಲಿ ನೋಡುತ್ತಿರುತ್ತೇನೆ. ಮೊನ್ನೆ ಎದೆಯ ಮಟ್ಟದ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಲ್ಲಿ, ರಕ್ತದೊತ್ತಡ ಏರಿತೆಂದು ಸೆವೋಫ್ಲೂರೇನ್ (ಉಸಿರಿನ ಮೂಲಕ ಕೊಡುವ ಅರಿವಳಿಕೆ ಆವಿ) ಹೆಚ್ಚಿಸಿದ ಹತ್ತು ನಿಮಿಷದೊಳಗೆ ಕೈಯ ಮೀಡಿಯನ್ ನರದ ಎನ್‌20 ಮತ್ತು ಕಾಲಿನ ಟಿಬಿಯಲ್ ನರದ ಪಿ37 ಎಂಬ ಮಿದುಳಿನ ಅಲೆಗಳು, ಎರಡೂ ಬದಿಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ನಾನು ಎಚ್ಚರಿಸಿದ್ದರಿಂದ ಸರ್ಜನ್ ಕೆಲಸ ನಿಲ್ಲಿಸಿದರು. ಅದು ತಪ್ಪಾಯಿತೇ? ಇದಲ್ಲದೆ, ಸೆಕೆಂಡಿಗೆ 5 ಪ್ರಚೋದನೆ ಕೊಟ್ಟು ಎಷ್ಟೇ ಸರಾಸರಿ ತೆಗೆದರೂ ಗೆರೆಯ ಮೇಲೆ ಒಂದೇ ಸಮನಾದ ಏರಿಳಿತ ಉಳಿಯುತ್ತದೆ.

ಉತ್ತರ (ಕೋಲಾರ):
ಎಚ್ಚರಿಸಿದ್ದು ಸರಿಯೇ. ಆಂಪ್ಲಿಟ್ಯೂಡ್ (ಅಲೆಯ ಎತ್ತರ) 50% ಇಳಿದರೆ ಅಥವಾ ಲೇಟೆನ್ಸಿ (ಅಲೆ ಬರಲು ಹಿಡಿಯುವ ಸಮಯ) 10% ಹೆಚ್ಚಿದರೆ ಬಾಯಿ ಬಿಡಲೇಬೇಕು. ಆದರೆ ಕೈಯ ಅಲೆಯೂ ಇಳಿದಿದೆ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕಿತ್ತು. ಕೈಯ ನರ ಕತ್ತಿನ ಭಾಗದಲ್ಲೇ ಬೆನ್ನುಹುರಿಯನ್ನು ಸೇರುವುದರಿಂದ, ಎದೆಯ ಮಟ್ಟದಲ್ಲಿ ಪೆಟ್ಟಾದರೆ ಕಾಲಿನ ಅಲೆ ಮಾತ್ರ ಕುಗ್ಗಿ ಕೈಯದು ನಿಲ್ಲುತ್ತದೆ. ಕತ್ತಿನ ಎಲೆಕ್ಟ್ರೋಡಿನಲ್ಲಿ ಎನ್‌13, ಅಂದರೆ ಕೈಯ ಸಂಕೇತ ಕತ್ತಿನ ಬೆನ್ನುಹುರಿ ತಲುಪಿದಾಗಿನ ಅಲೆ, ಹೇಗಿತ್ತು?

ಏರಿಳಿತಕ್ಕೆ ಕಾರಣ ನಿಮ್ಮ 5 ಎಂಬ ಸಂಖ್ಯೆ. ನಮ್ಮ ಕರೆಂಟು 50 ಹರ್ಟ್ಜ್. 50 ಅನ್ನು 5 ನಿಶ್ಶೇಷವಾಗಿ ಭಾಗಿಸುವುದರಿಂದ ಪ್ರತಿ ಪ್ರಚೋದನೆಯೂ ಕರೆಂಟಿನ ಅಲೆಯ ಒಂದೇ ಹಂತದಲ್ಲಿ ಬೀಳುತ್ತದೆ, ಸರಾಸರಿಯಲ್ಲಿ ಗದ್ದಲ ಅಳಿಯುವ ಬದಲು ಗಟ್ಟಿಯಾಗುತ್ತದೆ. 4.7 ಇಟ್ಟು ನೋಡಿ. ಕರೆಂಟಿನ 50 ಹರ್ಟ್ಜನ್ನು ಸೋಸಿ ತೆಗೆಯುವ ನಾಚ್ ಫಿಲ್ಟರಿಗೆ ಕೈ ಹಾಕಬೇಡಿ, ಅದು ಇಲ್ಲದ ಅಲೆಗಳನ್ನು ಹುಟ್ಟಿಸುತ್ತದೆ.

ಪ್ರಶ್ನೆ ಕೇಳಿದವರು:
ಎನ್‌13 ಕದಲಿರಲಿಲ್ಲ.

ಉತ್ತರ (ಕೋಲಾರ):
ಹಾಗಾದರೆ ಸಂಶಯ ಸೆವೋಫ್ಲೂರೇನ್ ಮೇಲೆಯೇ. ಆವಿಯ ಔಷಧಗಳು ನರತಂತುವಿಗಿಂತ ಸಿನಾಪ್ಸ್‌ಗಳನ್ನು (ನರಕೋಶಗಳ ನಡುವಿನ ಸಂಧಿಗಳನ್ನು) ಹೆಚ್ಚು ಅದುಮುತ್ತವೆ. ಮಿದುಳಿನೊಳಗಿನ ಥಲಾಮಸ್‌ನ ಸಿನಾಪ್ಸ್‌ಗಳನ್ನು ದಾಟಿ ಕಾರ್ಟೆಕ್ಸಿನಲ್ಲಿ (ಮಿದುಳಿನ ಮೇಲ್ಪದರದಲ್ಲಿ) ಹುಟ್ಟುವ ಎನ್‌20ಗೆ ಬೀಳುವಷ್ಟು ಹೊಡೆತ ಕತ್ತಿನ ಅಲೆಗೆ ಬೀಳುವುದಿಲ್ಲ. ಹಾಗೆಂದು ರಕ್ತದೊತ್ತಡದ ಕುಸಿತವನ್ನೂ ಮೈಯ ತಾಪಮಾನವನ್ನೂ ನೋಡದೆ ನಿರ್ಧರಿಸಬೇಡಿ. ಅಲೆ ಮೊದಲೇ ಸಣ್ಣದಿರುವ ರೋಗಿಗೆ ಆವಿಯ ಬದಲು ರಕ್ತನಾಳದ ಮೂಲಕ ಪ್ರೊಪೊಫಾಲ್ ಇನ್‌ಫ್ಯೂಷನ್ ಆಗುತ್ತದೆಯೇ ಎಂದು ಅರಿವಳಿಕೆ ವೈದ್ಯರನ್ನು ಬೇಸ್‌ಲೈನ್ (ಹೋಲಿಕೆಗೆಂದು ಆರಂಭದಲ್ಲಿ ದಾಖಲಿಸುವ ಅಲೆ) ತೆಗೆಯುವ ಮೊದಲೇ ಕೇಳುವುದು ಒಳ್ಳೆಯದು. ನಡುವೆ ಔಷಧ ಬದಲಾದರೆ ಹಳೆಯ ಬೇಸ್‌ಲೈನಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ ಕೇಳಿದವರು:
ಇಂದಿನ ಕೇಸಿನಲ್ಲಿ 4.7 ಇಟ್ಟೆ, ಏರಿಳಿತ ಬಹುಪಾಲು ಹೋಯಿತು. ಉಳಿದದ್ದು ಬೆಚ್ಚನೆಯ ಹೊದಿಕೆಯ ಬ್ಲೋವರಿನದು: ಅದರ ವೈರು ಆಂಪ್ಲಿಫೈಯರ್ ಡಬ್ಬಿಗೆ ಸುತ್ತಿಕೊಂಡಿತ್ತು. ಬಿಡಿಸಿ ಆಚೆ ಗೋಡೆಯ ಪ್ಲಗ್ಗಿಗೆ ಹಾಕಿಸಿದ ಮೇಲೆ ಗೆರೆ ಸಮತಟ್ಟಾಯಿತು.